ಕೆಆರ್‌ಎಸ್ ಮಟ್ಟ ಗೊತ್ತು, ಕಾಲಡಿಯ ನೀರಿನ ಮಟ್ಟ?

ಕೆಆರ್‌ಎಸ್ ತುಂಬಿದರೆ ಎಷ್ಟು ಅಡಿ ಅಂತ ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. 124.80 ಅಂತ ದಶಾಂಶ ಸಮೇತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಳೆಗಾಲ ಶುರುವಾಯಿತೆಂದರೆ ಪೇಪರಿನ ಒಂದು ಮೂಲೆಯಲ್ಲಿ ಅಣೆಕಟ್ಟೆಯ ಇಂದಿನ ಮಟ್ಟ, ಒಳಹರಿವು, ಹೊರಹರಿವು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮಂಡ್ಯದ ಚಿಕ್ಕಪ್ಪ ಗುಡ್ ಮಾರ್ನಿಂಗ್ ಹೂವಿನ ಜೊತೆಗೇ ಕೆಆರ್‌ಎಸ್ ಮಟ್ಟವನ್ನೂ ಕಳಿಸುತ್ತಾರೆ. ತುಂಬಿದ ವರ್ಷ ಬಾಗಿನದ ಫೋಟೊ ನೋಡಿದರೆ ಎಲ್ಲರಿಗೂ ಒಂಥರಾ ನೆಮ್ಮದಿ.

ಈಗ ಇನ್ನೊಂದು ಪ್ರಶ್ನೆ. ನೀವಿರುವ ಬಿಲ್ಡಿಂಗಿನ ಬೋರ್‌ವೆಲ್‌ನಲ್ಲಿ ಇವತ್ತು ನೀರು ಎಷ್ಟು ಅಡಿಯಲ್ಲಿ ನಿಂತಿದೆ?

ಸರ್ಜಾಪುರ ರಸ್ತೆ ಕಡೆ ಇರುವ ನಮ್ಮ 84 ಮನೆಗಳ ಅಪಾರ್ಟ್‌ಮೆಂಟಿನಲ್ಲಿ 2024ರ ಮಾರ್ಚ್‌ವರೆಗೆ ಇದಕ್ಕೆ ಉತ್ತರ ಇರಲಿಲ್ಲ. ಬೋರ್ ಎಷ್ಟು ಆಳ ಕೊರೆಸಿದ್ದಾರೆ ಅಂತ ಗೊತ್ತಿತ್ತು: ಒಂದು 1,150 ಅಡಿ, ಇನ್ನೊಂದು 850. ಮೋಟರ್ ಎಷ್ಟು ಎಚ್‌ಪಿ, ಟ್ಯಾಂಕರ್‌ನವರ ನಂಬರ್ ಯಾವುದು, ಎಲ್ಲ ಗೊತ್ತಿತ್ತು. ಕ್ಲಬ್‌ಹೌಸ್ ಬಲ್ಬಿನ ಖರ್ಚಿಗೂ ಎಕ್ಸೆಲ್ ಶೀಟ್ ಇದ್ದ ಅಸೋಸಿಯೇಷನ್ ನಮ್ಮದು. ನೀರಿನ ಮಟ್ಟಕ್ಕೆ ಮಾತ್ರ ಒಂದು ಕಾಲಂ ಇರಲಿಲ್ಲ.

ಆ ಮಾರ್ಚ್ ನಿಮಗೂ ನೆನಪಿರಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಿತ್ತು. ನಗರಕ್ಕೆ ದಿನಕ್ಕೆ 260 ಕೋಟಿ ಲೀಟರ್ ಬೇಕು, ಕಾವೇರಿಯಿಂದ ಬರೋದು 147 ಕೋಟಿ, ಬೋರ್‌ವೆಲ್‌ಗಳಿಂದ 65 ಕೋಟಿ, ಮಿಕ್ಕಿದ್ದು ಕೊರತೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಲೆಕ್ಕ ಕೊಟ್ಟರು. ನಗರದ ಸುಮಾರು 14,000 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತಲೂ ಹೇಳಿದರು. ಕಾರು ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್ ರೇಟು ವಾರಕ್ಕೊಂದು.

6,900 ಬೋರು ಒಂದೇ ವಾರದಲ್ಲಿ ಬತ್ತಲಿಲ್ಲ ಅನ್ನೋದು ಆಗ ಯಾರಿಗೂ ಹೊಳೆಯಲಿಲ್ಲ. ತಿಂಗಳುಗಟ್ಟಲೆ ಅಡಿ ಅಡಿಯಾಗಿ ಇಳಿದಿರುತ್ತವೆ. ನಲ್ಲಿಯಲ್ಲಿ ಗಾಳಿ ಬಂದ ದಿನ ನಮಗೆ ಗೊತ್ತಾಗುತ್ತದೆ, ಅಷ್ಟೇ.

ಮೂರನೇ ಬೋರಿನ ಮೀಟಿಂಗ್

ನಮ್ಮ ಎರಡನೇ ಬೋರಿನ ಮೋಟರ್ ಸುಟ್ಟಿದ್ದು ಆ ಮಾರ್ಚ್‌ನಲ್ಲೇ. ನೀರಿಲ್ಲದೆ ಓಡಿ ಓಡಿ ಸುಟ್ಟಿದೆ ಅಂತ ಮೆಕ್ಯಾನಿಕ್ ಹೇಳಿದ. ಭಾನುವಾರ ತುರ್ತು ಮೀಟಿಂಗ್. ಅಜೆಂಡಾ ಒಂದೇ: ಮೂರನೇ ಬೋರ್, 1,500 ಅಡಿ. ಒಟ್ಟು ಐದೂವರೆ ಲಕ್ಷದ ಅಂದಾಜು. ಆ ಕಾಲದಲ್ಲಿ ತಿರುಚೆಂಗೋಡಿನಿಂದ ಬಂದ ರಿಗ್ ಲಾರಿಗಳು ನಮ್ಮ ರಸ್ತೆಯಲ್ಲಿ ಹಗಲೂ ರಾತ್ರಿ ಓಡಾಡುತ್ತಿದ್ದವು. ಬುಕ್ ಮಾಡದಿದ್ದರೆ ಪಕ್ಕದ ಲೇಔಟಿಗೆ ಹೋಗುತ್ತೆ ಅನ್ನುವ ಅವಸರ ಎಲ್ಲರಿಗೂ.

ಖಜಾಂಚಿ ಅಂಕಲ್ ಆಗಲೇ ನೀರು ನೋಡುವವರನ್ನು ಕರೆಸಿದ್ದರು. ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಆವರಣ ಪೂರ್ತಿ ನಡೆದರು. ಮಕ್ಕಳ ಜಾರುಬಂಡೆಯ ಹತ್ತಿರ ಕಾಯಿ ನೆಟ್ಟಗೆ ನಿಂತಿತು. ಅಲ್ಲಿಗೆ ಸುಣ್ಣದ ಗುರುತು ಬಿತ್ತು. ನಂಬಿಕೆಯ ವಿಷಯದಲ್ಲಿ ನಾನು ಜಗಳಕ್ಕೆ ಹೋಗುವವಳಲ್ಲ. ಆದರೆ ಆ ಜಾಗ ನಮ್ಮ ಮೊದಲನೇ ಬೋರಿನಿಂದ ಅರವತ್ತೇ ಅಡಿ ದೂರ. ನಾನು ಕೇಳಿದ್ದು ಇಷ್ಟು: "ಅಂಕಲ್, ಇರೋ ಎರಡು ಬೋರಿನಲ್ಲಿ ನೀರು ಎಲ್ಲಿದೆ ಅಂತ ಅಳೆದು ನೋಡಿದ್ದೀವಾ?"

ವೃತ್ತಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಲಾಗ್ ನೋಡದೆ ಹೊಸ ಸರ್ವರ್ ಕೊಂಡುಕೊಳ್ಳುವವರನ್ನು ಕಂಡರೆ ಕೈ ತುರಿಸುತ್ತದೆ. ಹದಿನೈದು ದಿನ ಟೈಮ್ ಕೊಡಿ ಅಂದೆ. "ನಿಂಗೇ ಬಿಟ್ಟಿದ್ದೀವಿ ತಗೊಳಮ್ಮ" ಅಂತ ಅರ್ಧ ವ್ಯಂಗ್ಯವಾಗಿ, ಅರ್ಧ ನಿರಾಳವಾಗಿ ಜವಾಬ್ದಾರಿ ನನ್ನ ತಲೆಗೆ ಕಟ್ಟಿದರು.

ಬಂಡೆಯೊಳಗೆ ಕೆರೆ ಇಲ್ಲ

ಅಳತೆಯ ಕಥೆಗೆ ಮುಂಚೆ ನೆಲದೊಳಗಿನ ಕಥೆ ಸ್ವಲ್ಪ ಹೇಳಬೇಕು. ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ? ಸುಮಾರು 300 ಕೋಟಿ ವರ್ಷ ಹಳೆಯ ನೀಸ್ ಶಿಲೆ ಅದು. ಬೆಂಗಳೂರಿನ ಬಹುಭಾಗ ಕೂತಿರುವುದು ಅದೇ ಜಾತಿಯ ಬಂಡೆಯ ಮೇಲೆ. ಮೇಲ್ಗಡೆ ಮಣ್ಣು, ಅದರ ಕೆಳಗೆ ಕೊಳೆತು ಪುಡಿಯಾದ ಕಲ್ಲಿನ ಪದರ. ಹಳೆಯ ತೆರೆದ ಬಾವಿಗಳಿಗೆ ನೀರು ಕೊಡುತ್ತಿದ್ದದ್ದು ಈ ಪದರವೇ, ಸ್ಪಂಜಿನ ಹಾಗೆ. ಅದರ ಕೆಳಗೆ ಗಟ್ಟಿ ಬಂಡೆ. ಅಲ್ಲಿ ನೀರಿರೋದು ಬಿರುಕುಗಳಲ್ಲಿ ಮಾತ್ರ. ಬೋರ್ ಕೊರೆಯುವಾಗ ಅಂಥ ಬಿರುಕು ಸಿಕ್ಕರೆ ನೀರು ಚಿಮ್ಮುತ್ತೆ, ಸಿಗದಿದ್ದರೆ ಬರೀ ಬಿಳೀ ಪುಡಿ ಹಾರುತ್ತೆ.

ಆಳಕ್ಕೆ ಹೋದಷ್ಟೂ ದೊಡ್ಡ ಸಮುದ್ರ ಕಾಯ್ತಾ ಇರುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸಾಮಾನ್ಯವಾಗಿ ಕೆಳಗೆ ಹೋದ ಹಾಗೆ ಬಿರುಕುಗಳು ಕಡಿಮೆಯಾಗುತ್ತವೆ, ಕಿರಿದಾಗುತ್ತವೆ. ಅಲ್ಲಿ ಸಿಗುವ ನೀರೂ ಮೇಲಿನಿಂದ ಎಷ್ಟೋ ವರ್ಷ ತೆಗೆದುಕೊಂಡು ಇಳಿದದ್ದು. ಅಕ್ಕಪಕ್ಕದ ಬೋರುಗಳು ಒಂದೇ ಬಿರುಕಿಗೆ ಸೇರಿದ್ದರೆ, ಒಂದೇ ಎಳನೀರಿಗೆ ಮೂರು ಸ್ಟ್ರಾ ಹಾಕಿದ ಹಾಗೆ. ಸೇರಿಲ್ಲದಿದ್ದರೆ ಐವತ್ತು ಅಡಿ ದೂರದ ಬೋರಿಗೂ ನಿಮ್ಮ ಬೋರಿಗೂ ಸಂಬಂಧವೇ ಇರುವುದಿಲ್ಲ. ಯಾವುದು ನಿಜ ಅಂತ ತೆಂಗಿನಕಾಯಿಯೂ ಹೇಳಲ್ಲ, ಪಕ್ಕದ ಬಿಲ್ಡಿಂಗಿನವರ ಅನುಭವವೂ ಹೇಳಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತೆ.

ಅಳೆಯುವುದು ಹೇಗೆ?

ಬಾವಿಗೆ ಕಲ್ಲು ಹಾಕಿ ಶಬ್ದ ಕೇಳುವ ಆಟ ಊರಿನಲ್ಲಿ ಆಡಿದ್ದೀರಾ? ಅದೂ ಒಂದು ಅಳತೆಯೇ. ಕಲ್ಲು ಬಿಟ್ಟು ಮೂರು ಸೆಕೆಂಡಿಗೆ ಸದ್ದು ಬಂದರೆ ನೀರು ಸುಮಾರು 40 ಮೀಟರ್ ಕೆಳಗಿದೆ ಅಂತ ಲೆಕ್ಕ. ಮೋಟರ್ ಇರುವ ಬೋರಿಗೆ ಮಾತ್ರ ದಯವಿಟ್ಟು ಕಲ್ಲು ಹಾಕಬೇಡಿ, ಸಿಕ್ಕಿಹಾಕಿಕೊಂಡರೆ ಮೋಟರ್ ಮೇಲೆ ಬರುವುದಿಲ್ಲ.

ನಾವು ಮಾಡಿದ್ದು ಹೀಗೆ. ಸುಟ್ಟ ಮೋಟರ್ ಎತ್ತಲು ಕ್ರೇನ್ ಗಾಡಿ ಹೇಗಿದ್ದರೂ ಬಂದಿತ್ತು. ಅವತ್ತೇ ಮೊದಲನೇ ಬೋರಿನ ಮೋಟರ್ ಕೂಡ ಎತ್ತಿಸಿ, ಎರಡಕ್ಕೂ ಪಂಪಿನ ಪೈಪಿನ ಪಕ್ಕದಲ್ಲಿ ಒಂದು ಇಂಚಿನ ಖಾಲಿ ಪೈಪ್ ಕಟ್ಟಿ ಇಳಿಸಿದೆವು. ಆ ಪೈಪಿನೊಳಗೆ ಅಳತೆ ಟೇಪು ಬಿಡಬಹುದು, ಮೋಟರಿನ ಕೇಬಲಿಗೆ ತೊಡರಿಕೊಳ್ಳುವುದಿಲ್ಲ. ಟೇಪಿನ ತುದಿಯಲ್ಲಿ ಒಂದು ಲೋಹದ ಗುಂಡು. ಅದಕ್ಕೆ ನೀರು ತಾಗಿದ ತಕ್ಷಣ ಮೇಲಿನ ಡಬ್ಬಿ 'ಬೀಪ್' ಅನ್ನುತ್ತೆ. ಅಂತರ್ಜಲದವರು ಬಳಸುವುದೂ ಇದೇ ಉಪಕರಣ. ನಾವು ಬಾಡಿಗೆಗೆ ತಂದೆವು, ಆಮೇಲೆ ನಾಲ್ಕು ಅಪಾರ್ಟ್‌ಮೆಂಟುಗಳು ಸೇರಿ ಕೊಂಡೆವು.

ಒಂದು ಮಾತು ಮುಖ್ಯ. ಮೋಟರ್ ಓಡುವಾಗ ಅಳೆದರೆ ಬರುವ ಮಟ್ಟ ಬೇರೆ, ರಾತ್ರಿಯಿಡೀ ಬೋರು ಸುಮ್ಮನಿದ್ದು ಬೆಳಿಗ್ಗೆ ಅಳೆದರೆ ಬರುವ ಮಟ್ಟ ಬೇರೆ. ಎರಡೂ ಬೇಕು. ಮೊದಲನೆಯದು ಬೋರು ಎಷ್ಟು ಬಳಲುತ್ತಿದೆ ಅಂತ ಹೇಳುತ್ತೆ, ಎರಡನೆಯದು ಸೆಲೆ ಹೇಗಿದೆ ಅಂತ. ನಿಂತ ಮಟ್ಟಕ್ಕೆ ಮತ್ತೆ ಬರಲು ಎಷ್ಟು ಗಂಟೆ ಬೇಕು ಅನ್ನೋದು ಮೂರನೇ ಅಂಕಿ. ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಉಪಯೋಗದ್ದು.

ಮೊದಲ ಭಾನುವಾರ ಬೆಳಿಗ್ಗೆ ಐದೂವರೆಗೆ, ಟೀ ಫ್ಲಾಸ್ಕ್ ಸಮೇತ, ಸೆಕ್ಯುರಿಟಿ ಅಣ್ಣನ ಟಾರ್ಚ್ ಬೆಳಕಿನಲ್ಲಿ ಅಳೆದೆವು. ಮೊದಲ ಬೋರು: 612 ಅಡಿ. ಎರಡನೆಯದು: 588. ಮೊದಲ ಬೋರಿನ ಮೋಟರ್ ಆರು ಗಂಟೆ ಓಡಿಸಿ ಮತ್ತೆ ಅಳೆದರೆ 790. ವಾಪಸ್ ಮೇಲೆ ಬರಲು ಒಂಬತ್ತು ಗಂಟೆ ಹಿಡಿಯಿತು. ನಮ್ಮ ಹಳೆಯ ಪದ್ಧತಿಯಲ್ಲಿ ನೀರು ನಿಂತು ಮೋಟರ್ ಟ್ರಿಪ್ ಆದರೆ ಒಂದೇ ಗಂಟೆಗೆ ಮತ್ತೆ ಚಾಲೂ. ಬೋರು ಉಸಿರು ತೆಗೆದುಕೊಳ್ಳುವ ಮುಂಚೆಯೇ ಮತ್ತೆ ಹೀರುತ್ತಿದ್ದೆವು ಅಂತಾಯಿತು.

ಮಾರನೇ ವಾರ ಇನ್ನೊಂದು ಪರೀಕ್ಷೆ. ಮೊದಲ ಬೋರು ಓಡಿಸಿ ಎರಡನೆಯದರಲ್ಲಿ ಅಳೆದೆವು. ನಲವತ್ತು ನಿಮಿಷಕ್ಕೆ ಅದೂ ಇಳಿಯಲು ಶುರುವಾಯಿತು. ಎರಡೂ ಒಂದೇ ಎಳನೀರು! ಅವೆರಡರ ನಡುವೆ 120 ಅಡಿ ದೂರವಿದೆ. ಸುಣ್ಣದ ಗುರುತು ಹಾಕಿದ ಮೂರನೇ ಜಾಗಕ್ಕೆ ಅರವತ್ತು.

ಗೋಡೆಯಾಚೆಯ ನಲ್ಲಿ

ಇಲ್ಲಿಗೆ ಮುಗಿದಿದ್ದರೆ ಇದು ಬರೀ ಐದೂವರೆ ಲಕ್ಷ ಉಳಿಸಿದ ಕಥೆಯಾಗುತ್ತಿತ್ತು. ನಾವು ಪೈಪಿಗೆ ಟೇಪು ಬಿಡುವುದನ್ನು ನೋಡುತ್ತ ನಿಂತಿದ್ದ ಹೌಸ್‌ಕೀಪಿಂಗ್ ಅಕ್ಕ ಕೇಳಿದ ಮಾತು ಬೇರೆ ದಾರಿ ತೋರಿಸಿತು. "ಮೇಡಂ, ನಿಮ್ ಮೋಟ್ರು ಬೆಳಗಿನ ಜಾವ ಓಡಿದ್ ದಿನ ನಮ್ ವಠಾರದಾಗೆ ನಲ್ಲಿ ಬರಲ್ಲ. ಅದನ್ನೂ ಇದ್ರಾಗೆ ಅಳೀಬೋದಾ?"

ಕಾಂಪೌಂಡಿನಾಚೆ ಹಳೇ ಊರು. ಅಲ್ಲಿ ಸಾಲು ಮನೆಗಳ ವಠಾರದಲ್ಲಿ ಗಾರ್ಮೆಂಟ್ಸಿಗೆ ಹೋಗುವವರು, ನಮ್ಮಂಥ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವವರು ಇದ್ದಾರೆ. ಪಂಚಾಯಿತಿ ಕಾಲದ ಒಂದು ಬೋರು, ಒಂದು ಸಿಂಟೆಕ್ಸ್ ಟ್ಯಾಂಕ್, ಮುಂದೆ ಕೊಡಗಳ ಸಾಲು. ನಮ್ಮ ಬೋರು ಕೈಕೊಟ್ಟರೆ ನಾವು ಆ್ಯಪ್ ತೆಗೆದು ಟ್ಯಾಂಕರ್ ಕರೆಸುತ್ತೇವೆ. ಅವರಿಗೆ ಅದೊಂದೇ ನೀರು, ಕುಡಿಯಲೂ ಅದೇ.

ಆ ಬೋರಿಗೆ ನೀರು ಬಿಡುವವರನ್ನು ಕೇಳಿದೆವು. ಬಿಳಿ ಮೀಸೆಯ ಯಜಮಾನರು. "ಅಳೀರಮ್ಮ, ಅದಕ್ಕೇನು? ನಮ್ಮಪ್ಪ ಕೆರೆ ತೂಬಿನ ಮೆಟ್ಲು ಎಣಿಸಿ ಇನ್ನು ಎಷ್ಟು ದಿನದ ನೀರೈತೆ ಅನ್ನೋನು" ಅಂದರು. ಅವರ ತಂದೆ ಊರಿನ ನೀರುಗಂಟಿ. ಕೆರೆಯ ಮಟ್ಟ ನೋಡಿ ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅಂತ ತೀರ್ಮಾನಿಸುತ್ತಿದ್ದ ನೀರುಗಂಟಿಗಳು ಈ ಕಡೆಯ ಹಳ್ಳಿಗಳಲ್ಲೆಲ್ಲ ಇದ್ದರು. ಆ ಕೆರೆ ಈಗ ಬೇಲಿಯೊಳಗೆ ಇದೆ, ತೂಬು ಕಾಣುವುದಿಲ್ಲ.

ಹಾಗೆ ಮೂರು ದಿನ ಬೆಳಗಿನ ಜಾವ ಅಳೆದೆವು. ನಮ್ಮ ಮೋಟರ್ ಓಡಿದ ಎರಡು ದಿನ ವಠಾರದ ಬೋರು 18 ಅಡಿ ಕುಸಿಯಿತು. ನಮ್ಮದನ್ನು ನಿಲ್ಲಿಸಿದ ದಿನ ಕುಸಿಯಲಿಲ್ಲ. ಅವರ ಮೋಟರ್ ಇಳಿಸಿದ್ದ ಆಳಕ್ಕೂ ನೀರಿನ ಮಟ್ಟಕ್ಕೂ ನಡುವೆ ಉಳಿದಿದ್ದ ಅಂತರವೇ ಹೆಚ್ಚುಕಡಿಮೆ ಅಷ್ಟು. ಅಕ್ಕ ಹೇಳಿದ್ದು ಅಕ್ಷರಶಃ ನಿಜ.

ಇದನ್ನು ಮೀಟಿಂಗಿನಲ್ಲಿ ಇಟ್ಟಾಗ ಒಂದು ನಿಮಿಷ ಮೌನ. ಆಮೇಲೆ ಒಬ್ಬರು, "ಹಾಗಂತ ನಮ್ಮ ದುಡ್ಡಿನ ಬೋರು ನಾವು ಓಡಿಸಬಾರದಾ?" ಅಂದರು. ಕೇಳುವಂಥ ಪ್ರಶ್ನೆಯೇ. ಬೋರು ನಮ್ಮ ಹಣದ್ದು, ಪೈಪು ನಮ್ಮದು. ಬಿರುಕಿನೊಳಗಿನ ನೀರಿಗೆ ಕಾಂಪೌಂಡ್ ಇಲ್ಲ, ಅಷ್ಟೇ ತೊಂದರೆ. ಕಾನೂನು ಕೂಡ ಈ ಮಾತನ್ನು ಸ್ವಲ್ಪ ಮಟ್ಟಿಗೆ ಒಪ್ಪುತ್ತೆ: ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಬೋರ್ ಕೊರೆಯುವಂತಿಲ್ಲ. ಕೊರೆದ ಮೇಲೆ ಎಷ್ಟು ಎತ್ತುತ್ತೀರಿ ಅಂತ ನಮ್ಮ ಬಾಗಿಲಿಗೆ ಬಂದು ಕೇಳಿದವರನ್ನು ನಾನಂತೂ ನೋಡಿಲ್ಲ.

ಕೊನೆಗೆ ಜಾವ 4ರಿಂದ 8ರವರೆಗೆ ನಮ್ಮ ಮೋಟರ್ ಬಂದ್. ಎರಡು ಬೋರು ಒಟ್ಟಿಗೆ ಓಡಿಸುವಂತಿಲ್ಲ. ಮೂರು ಗಂಟೆ ಓಟ, ಐದು ಗಂಟೆ ವಿಶ್ರಾಂತಿ. ಮೂರನೇ ಬೋರಿನ ಪ್ರಸ್ತಾವ ಮುಂದೂಡಿಕೆ. ಮತ ಹಾಕಿದಾಗ 31 ಪರ, 22 ವಿರೋಧ. ಖಜಾಂಚಿ ಅಂಕಲ್ ವಿರೋಧಿಸಿದರು, ಆಮೇಲೆ ಟೇಪು ಕೊಳ್ಳಲು ಚೆಕ್ ಬರೆದವರೂ ಅವರೇ.

ಊರಿಗೆ ಊರೇ ಅಳೆದರೆ

ಸರ್ಕಾರ ಅಳೆಯುವುದಿಲ್ಲ ಅಂತಲ್ಲ. ಕೇಂದ್ರ ಅಂತರ್ಜಲ ಮಂಡಳಿ ದೇಶದ ತುಂಬ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಮಟ್ಟ ನೋಡುತ್ತದೆ: ಜನವರಿ, ಮುಂಗಾರಿಗೆ ಮುಂಚೆ, ಆಗಸ್ಟ್, ನವೆಂಬರ್. ಈಗ ಎಷ್ಟೋ ಕಡೆ ತಾನಾಗಿಯೇ ಅಳೆದು ಕಳಿಸುವ ಯಂತ್ರಗಳೂ ಬಂದಿವೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೆ ಬೇರೆಯೇ ಬಾವಿಗಳಿವೆ. ಬೆಂಗಳೂರು ನಗರ ಜಿಲ್ಲೆ 'ಅತಿಬಳಕೆ' ಪಟ್ಟಿಯಲ್ಲಿದೆ ಅಂತ ನಮಗೆ ಗೊತ್ತಾಗಿದ್ದು ಈ ಅಳತೆಗಳಿಂದಲೇ. ಅಂದರೆ ವರ್ಷಕ್ಕೆ ಎಷ್ಟು ನೀರು ಇಂಗುತ್ತದೋ ಅದಕ್ಕಿಂತ ಹೆಚ್ಚು ಎತ್ತುತ್ತಿದ್ದೇವೆ. ಆದರೆ ಬಿರುಕು ಬಂಡೆಯ ಊರಿನಲ್ಲಿ ಎಲ್ಲೋ ಒಂದು ಸರ್ಕಾರಿ ಬಾವಿಯ ಅಂಕಿ ನಿಮ್ಮ ಬೀದಿಯ ಕಥೆ ಹೇಳಲ್ಲ. ಅಂಕಿ ಸಿಗಬೇಕಾದ್ದು ಲಕ್ಷಗಟ್ಟಲೆ ಖಾಸಗಿ ಬೋರುಗಳಿಂದ.

ಹತ್ತಿರ ಹತ್ತಿರ ಅಳೆದರೆ ಎಂಥ ಚಿತ್ರ ಸಿಗುತ್ತೆ ಅನ್ನೋದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ನಗರದ ಉದ್ದಗಲಕ್ಕೂ ನೂರಕ್ಕೂ ಹೆಚ್ಚು ಬಾವಿಗಳಲ್ಲಿ ಅಳೆದರು. ಕಾಂಕ್ರೀಟು ತುಂಬಿದ ನಗರದ ನಡುಮಧ್ಯೆ ನೀರು ಮೇಲಿದೆ, ಹೊರವಲಯದಲ್ಲಿ ಪಾತಾಳದಲ್ಲಿದೆ! ಕಾರಣ ಕೇಳಿದರೆ ನಗು ಬರುತ್ತೆ. ನಡುಮಧ್ಯೆ ಕಾವೇರಿ ಬರುತ್ತದಾದ್ದರಿಂದ ಬೋರಿನ ಮೇಲೆ ಒತ್ತಡ ಕಡಿಮೆ. ಮೇಲಾಗಿ ಹಳೇ ಪೈಪುಗಳಿಂದ ಸೋರುವ ನೀರು ನೆಲಕ್ಕೆ ಇಳಿಯುತ್ತದೆ. ನೂರು ಕಿಲೋಮೀಟರ್ ದೂರದಿಂದ ಕರೆಂಟು ಸುರಿದು ಎತ್ತಿ ತಂದ ಕಾವೇರಿ, ಬಸವನಗುಡಿ ನೆಲದಡಿ ಅಂತರ್ಜಲ ಆಗ್ತಿದ್ದಾಳೆ ಅಂತ ನಾನು ಸ್ನೇಹಿತರಿಗೆ ಹೇಳಿ ನಗಿಸುತ್ತಿರುತ್ತೇನೆ. ನಮ್ಮಂಥ 110 ಹಳ್ಳಿಗಳು ನಗರಕ್ಕೆ ಸೇರಿದ್ದು 2007ರಲ್ಲಿ. ಈ ಹಳ್ಳಿಗಳಿಗೆಂದೇ ಮಾಡಿದ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವಿನ ಹದಿನೇಳು ವರ್ಷ ನಾವು ಬದುಕಿದ್ದು ಕಾಲಡಿಯ ನೀರಿನಿಂದ. 2025ರ ಆರಂಭದಲ್ಲಿ ಜಲಮಂಡಳಿ ಮತ್ತು ಐಐಎಸ್ಸಿ ಕೊಟ್ಟ ಮುನ್ಸೂಚನೆಯಲ್ಲೂ ಇದೇ ಚಿತ್ರ: ಬೇಸಿಗೆಯಲ್ಲಿ ನಗರದ ಮಧ್ಯೆ ಮಟ್ಟ ಸುಮಾರು 5 ಮೀಟರ್ ಇಳಿಯಬಹುದು, 110 ಹಳ್ಳಿಗಳಲ್ಲಿ 20ರಿಂದ 25.

ಕಾವೇರಿ ಬಂತಲ್ಲ, ಇನ್ನು ಬೋರಿನ ಚಿಂತೆ ಯಾಕೆ ಅಂತ ಕೇಳುವವರಿಗೆ ನಾನು ಹೇಳುವುದು ತಿಪ್ಪಗೊಂಡನಹಳ್ಳಿಯ ಕಥೆ. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರಲ್ಲಿ ಸಿದ್ಧವಾದ ಜಲಾಶಯ ಅದು. ಕಾವೇರಿಯ ಮೊದಲ ಹಂತ 1974ರಲ್ಲಿ ಬರುವ ತನಕ ಬೆಂಗಳೂರಿನ ಕುಡಿಯುವ ನೀರಿಗೆ ದೊಡ್ಡ ಆಧಾರ. ಕ್ರಮೇಣ ಅದಕ್ಕೆ ಬರುವ ನೀರು ಕುಸಿಯಿತು. ಮಳೆ ಕಡಿಮೆಯಾಯ್ತು ಅಂತಲೇ ಎಲ್ಲರೂ ಅಂದುಕೊಂಡರು. ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಸಂಗಡಿಗರು ಒಂದೊಂದೇ ಕಾರಣ ತೂಗಿ ನೋಡಿ 2015ರಲ್ಲಿ ಹೇಳಿದ್ದು ಬೇರೆ: ಮಳೆಯಲ್ಲ, ಬಿಸಿಲೂ ಅಲ್ಲ. ಜಲಾನಯನದ ತುಂಬ ಕೊರೆದ ಬೋರುಗಳು, ನೀಲಗಿರಿ ತೋಪುಗಳೇ ಮುಖ್ಯ ಕಾರಣ. ನೆಲದೊಳಗಿನ ಮಟ್ಟ ಕೆಳಕ್ಕೆ ಹೋದಾಗ ಹಳ್ಳಕ್ಕೆ ಒಸರುವ ನೀರು ನಿಲ್ಲುತ್ತೆ, ಸುರಿದ ಮಳೆಯನ್ನೂ ಒಣನೆಲ ಕುಡಿದುಬಿಡುತ್ತೆ. ಬಾವಿಗೆ ಟೇಪು ಬಿಟ್ಟು ನೋಡುವವರು ಸಾಕಷ್ಟು ಇದ್ದಿದ್ದರೆ ಅಣೆಕಟ್ಟೆ ಖಾಲಿಯಾಗುವ ಎಷ್ಟೋ ಮುಂಚೆ ಗೊತ್ತಾಗುತ್ತಿತ್ತು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದು ಮಾಹಿತಿಯ ಬರ ಇರುವ ಪ್ರದೇಶ ಅಂತ ಬರೆದಿದ್ದಾರೆ.

ಕಾವೇರಿಗೂ ಬರಗಾಲ ಬರುತ್ತೆ, ಪಂಪ್‌ಹೌಸ್ ರಿಪೇರಿ ಬರುತ್ತೆ. ಅಂಥ ದಿನಕ್ಕೆ ನೆಲದಡಿಯ ನೀರು ಚೀಟಿ ಕಟ್ಟಿ ಉಳಿಸಿಟ್ಟ ದುಡ್ಡಿನಂತೆ. ಎಷ್ಟಿದೆ ಅಂತ ತಿಳಿಯದೆ ಖರ್ಚು ಮಾಡುವುದು ಹೇಗೆ?

ಟಿಡಿಎಸ್ ಪೆನ್ ಹೇಳದ್ದು

ಮಟ್ಟದಷ್ಟೇ ಮುಖ್ಯ ನೀರಿನ ಗುಣ. ನಮ್ಮ ಗ್ರೂಪಿನಲ್ಲಿ ಟಿಡಿಎಸ್ ಪೆನ್ ಅದ್ದಿ ಫೋಟೊ ಹಾಕುವವರಿಗೆ ಬರವಿಲ್ಲ. ಕುಡಿಯುವ ನೀರಿಗೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 2,000ದ ತನಕ ಅಂತ ಭಾರತೀಯ ಮಾನಕ ಹೇಳುತ್ತೆ. ಆದರೆ ಆ ಪೆನ್ ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಅಂದಾಜು ಮಾಡುತ್ತೆ. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಬ್ಯಾಕ್ಟೀರಿಯಾ ಇದೆಯಾ ಅಂತಲೂ ಗೊತ್ತಿಲ್ಲ.

ನಮ್ಮ ಎರಡನೇ ಬೋರಿನ ಟಿಡಿಎಸ್ 640. ಪರವಾಗಿಲ್ಲ ಅಂದುಕೊಳ್ಳುವಂಥದ್ದು. ಲ್ಯಾಬಿಗೆ ಕಳಿಸಿದರೆ ನೈಟ್ರೇಟ್ 71 ಬಂತು. ಮಿತಿ 45. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಸೋರಿ ನೆಲಕ್ಕಿಳಿದ ಗುರುತು ಅದು. ಹಾಲು ಕಲಸಿಕೊಡುವ ಹಸುಗೂಸುಗಳಿರುವ ಮನೆಯವರು ಇದನ್ನು ನೆನಪಿಡಬೇಕು: ಹೆಚ್ಚು ನೈಟ್ರೇಟ್ ಶಿಶುಗಳ ರಕ್ತದ ಆಮ್ಲಜನಕಕ್ಕೆ ಕುತ್ತು ತರಬಹುದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟು ಸಾಂದ್ರತೆ ಹೆಚ್ಚೇ ಆಗುತ್ತೆ. ಪೀಣ್ಯದ ಕಡೆ ಬೋರುಗಳಲ್ಲಿ ಕ್ರೋಮಿಯಂ ಸಿಕ್ಕಿದ್ದು ಕೂಡ ಲ್ಯಾಬಿಗೆ ಕಳಿಸಿ ನೋಡಿದ್ದರಿಂದ. ಎರಡನೇ ಬೋರಿನ ನೀರನ್ನು ನಾವು ಅಡುಗೆಮನೆಯ ಲೈನಿನಿಂದ ತಪ್ಪಿಸಿ ಟಾಯ್ಲೆಟ್, ತೋಟಕ್ಕೆ ಕೊಟ್ಟೆವು. ವಠಾರದ ಬೋರಿನ ನೀರನ್ನೂ ಅದೇ ಲ್ಯಾಬಿಗೆ ಕಳಿಸಿದೆವು. ನೈಟ್ರೇಟ್ 38. ಆ ವರದಿಯ ಪ್ರತಿಯನ್ನು ಯಜಮಾನರು ಟ್ಯಾಂಕಿನ ಪಕ್ಕದ ಗೋಡೆಗೆ ಅಂಟಿಸಿದ್ದಾರೆ.

ಅಳತೆಯ ಹುಚ್ಚು ಹಿಡಿದರೆ ಬಿಡುವುದಿಲ್ಲ. ಸಂಪಿನಿಂದ ಮೇಲಕ್ಕೆ ಹೋಗುವ ಪೈಪಿಗೂ ಮೀಟರ್ ಹಾಕಿದೆವು. ರಾತ್ರಿ 2ರಿಂದ 4, ಇಡೀ ಅಪಾರ್ಟ್‌ಮೆಂಟ್ ಗೊರಕೆ ಹೊಡೆಯುವಾಗಲೂ ಗಂಟೆಗೆ 900 ಲೀಟರ್ ಹೋಗುತ್ತಿತ್ತು! ಹುಡುಕಿದರೆ ಮೂವತ್ತಕ್ಕೂ ಹೆಚ್ಚು ಫ್ಲಶ್ ಟ್ಯಾಂಕುಗಳು ಸದ್ದಿಲ್ಲದೆ ಸೋರುತ್ತಿದ್ದವು. ವಾಷರ್ ಬದಲಿಸಲು ಆದ ಖರ್ಚು ಎರಡು ಟ್ಯಾಂಕರ್ ನೀರಿನ ದುಡ್ಡಿಗಿಂತ ಕಡಿಮೆ.

ಮಳೆನೀರಿಗೆ ಇಂಗುಬಾವಿ ತೋಡಿಸಿದೆವು. ಮೂರಡಿ ಅಗಲ, 25 ಅಡಿ ಆಳ, ಸಿಮೆಂಟ್ ರಿಂಗು. ತೋಡಿದವರು ಮಣ್ಣುವಡ್ಡರು. ತಲೆತಲಾಂತರದಿಂದ ಈ ನೆಲದಲ್ಲಿ ಬಾವಿ ತೋಡಿದ ಸಮುದಾಯ ಅದು. ಮಣ್ಣಿನ ಬಣ್ಣ ನೋಡಿ "ಇನ್ನೆರಡಡಿ ಹೋದ್ರೆ ಕುಡಿಯೋ ಪದರ ಬರುತ್ತೆ" ಅಂದರು, ಬಂತು. ನೀರು ಇಂಗುವ ಪದರಕ್ಕೆ ಅವರು ಹೇಳುವ ಮಾತೇ 'ಕುಡಿಯೋ ಪದರ'. ಚಾವಣಿಯ ನೀರನ್ನು ನೇರ ಬೋರಿಗೇ ಬಿಡಿ ಅಂತ ಕೆಲವರು ಸಲಹೆ ಕೊಟ್ಟರು. ಸರಿಯಾಗಿ ಸೋಸದೆ ಹಾಗೆ ಬಿಟ್ಟರೆ ಅಂಗಳದ ಕೊಳೆ ಸೀದಾ ಸೆಲೆಗೇ ಹೋಗುತ್ತೆ. ಮಣ್ಣು ಸೋಸಿ ಕೊಡುವುದಕ್ಕೆ ಕಾಲ ಬೇಕು, ಕೊಡೋಣ.

ಫಲ ಏನಾಯಿತು ಅಂತ ಕೇಳುತ್ತೀರಿ. 2024ರ ಅಕ್ಟೋಬರ್ ಮಳೆಯ ನಂತರ, ನವೆಂಬರ್‌ನಲ್ಲಿ ಮೊದಲ ಬೋರಿನ ನಿಂತ ಮಟ್ಟ 541 ಅಡಿಗೆ ಬಂತು. 2025ರ ಏಪ್ರಿಲ್‌ನಲ್ಲಿ 596. ಹಿಂದಿನ ಬೇಸಿಗೆಗಿಂತ 16 ಅಡಿ ಮೇಲೆ. ಗ್ರೂಪಿನಲ್ಲಿ ಪಟಾಕಿ ಸ್ಟಿಕರುಗಳು ಬಂದವು, ನಾನು ಹಾಕಲಿಲ್ಲ. ಆ ವರ್ಷ ಮಳೆಯೇ ಚೆನ್ನಾಗಿತ್ತು, ಅಷ್ಟೊತ್ತಿಗೆ ಕಾವೇರಿ ಸಂಪರ್ಕವೂ ಬಂದಿತ್ತು. ನಮ್ಮ ಶಿಸ್ತಿನ ಪಾಲೆಷ್ಟು, ಮೋಡದ ಪಾಲೆಷ್ಟು ಅಂತ ಒಂದು ವರ್ಷದ ಅಂಕಿಯಿಂದ ಹೇಳಲಾಗದು. ಒಂದು ಕೆಟ್ಟ ಮಳೆಗಾಲ ಕಳೆದ ಮೇಲೆ ಆ ಶೀಟ್ ತೆಗೆದು ನೋಡಬೇಕು. ಸದ್ಯಕ್ಕೆ ಖಚಿತವಾಗಿ ಹೇಳಬಹುದಾದ್ದು ಒಂದು: ಬೆಳಗಿನ ಹೊತ್ತು ವಠಾರದ ನಲ್ಲಿ ಬರುತ್ತಿದೆ.

ಈಗ ನಮ್ಮ ಶೀಟಿನಲ್ಲಿ ನಾಲ್ಕು ಅಪಾರ್ಟ್‌ಮೆಂಟು, ಒಂದು ಶಾಲೆ, ವಠಾರ ಸೇರಿ ಒಂಬತ್ತು ಬೋರುಗಳಿವೆ. ಬಲಗಡೆಯ ಹೊಸ ಲೇಔಟಿನವರು ಮಾತ್ರ ಅಂಕಿ ಕೊಡುವುದಿಲ್ಲ. "ನೀರಿನ ಮಟ್ಟ ಹೊರಗೆ ಗೊತ್ತಾದರೆ ಫ್ಲ್ಯಾಟಿನ ರೇಟು ಬೀಳುತ್ತೆ ಮೇಡಂ" ಅಂದರು ಅವರ ಕಾರ್ಯದರ್ಶಿ, ಮುಚ್ಚುಮರೆಯಿಲ್ಲದೆ. ಹೋದ ತಿಂಗಳು ಅವರ ಗೇಟಿನ ಮುಂದೆ ರಿಗ್ ಲಾರಿ ನಿಂತಿತ್ತು. ಎರಡು ರಾತ್ರಿ ಕೊರೆದರು. ಆಮೇಲಿನ ಭಾನುವಾರ ವಠಾರದ ಬೋರು ನಾಲ್ಕು ಅಡಿ ಕೆಳಗಿತ್ತು, ಅದರ ಮುಂದಿನ ವಾರ ಏಳು. ಆ ಎರಡು ಸಾಲನ್ನು ಪ್ರಿಂಟ್ ತೆಗೆದು ಯಜಮಾನರೂ ನಾನೂ ಈ ಶನಿವಾರ ಆ ಕಾರ್ಯದರ್ಶಿಯ ಮನೆಗೆ ಹೋಗುವವರಿದ್ದೇವೆ. ಟೇಪನ್ನೂ ತರಲಾ ಅಂತ ಯಜಮಾನರು ಕೇಳಿದ್ದಾರೆ. ತನ್ನಿ ಅಂದಿದ್ದೇನೆ.